ಚರಗ ಚೆಲ್ಲದ ಹೊಲ ಬೇಕಾಗಿದೆ

ಪಿಎಚ್‌ಡಿ ಮಾಡುವುದಕ್ಕೆ ಬುದ್ಧಿ ಬೇಕು ಎಂದುಕೊಂಡವರು ಒಮ್ಮೆ ಗೈಡ್ ಹುಡುಕಲು ಹೊರಡಬೇಕು. ಬುದ್ಧಿಯ ಮಾತು ಆಮೇಲೆ, ಮೊದಲು ಬೇಕಾಗುವುದು ಎಮ್ಮೆಯ ಚರ್ಮ. ನನಗೆ ಅದಿರಲಿಲ್ಲ. ನನಗಿದ್ದದ್ದು ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಒಂದು ಎಂಎಸ್ಸಿ, ಮೂಗಿನ ತುದಿಯಲ್ಲೇ ಕೂತಿರುವ ಸಿಟ್ಟು ಮತ್ತು ಒಂದು ಫೆಲೋಶಿಪ್.

ಆ ಫೆಲೋಶಿಪ್ಪಿನ ಕಥೆ ಮೊದಲೇ ಹೇಳಿಬಿಡುತ್ತೇನೆ. ದೇಶದ ಮಟ್ಟದ ಪರೀಕ್ಷೆಯಲ್ಲಿ ನಾನು ಪಾಸಾದಾಗ ನಮ್ಮ ಹಿರೇಬೆಂಡಿಗೇರಿಯಲ್ಲಿ ಅಪ್ಪ ಓಣಿಗೆಲ್ಲ ಪೇಡೆ ಹಂಚಿದ. ಸರ್ಕಾರವೇ ಸಂಬಳ ಕೊಟ್ಟು ಮಗಳನ್ನು ಓದಿಸುತ್ತದೆ ಎಂದು ಹೇಳಿಕೊಂಡು ತಿರುಗಿದ. ಅದು ಅರ್ಧ ನಿಜ. ಯಾವುದಾದರೂ ಸಂಸ್ಥೆಯಲ್ಲಿ ಒಬ್ಬ ಗೈಡ್ ನನ್ನನ್ನು ವಿದ್ಯಾರ್ಥಿಯಾಗಿ ತೆಗೆದುಕೊಂಡರೆ ಮಾತ್ರ ಆ ಹಣ ಶುರುವಾಗುತ್ತದೆ. ಗೊತ್ತುಮಾಡಿದ ಅವಧಿಯೊಳಗೆ ಯಾರೂ ತೆಗೆದುಕೊಳ್ಳದಿದ್ದರೆ ಫೆಲೋಶಿಪ್ ತಾನಾಗಿಯೇ ಹೋಗಿಬಿಡುತ್ತದೆ. ಹಂದರ ಹಾಕಿಸಿ, ಬೀಗರನ್ನೆಲ್ಲ ಕರೆದು, ವರನನ್ನು ಮಾತ್ರ ನೀವೇ ಹುಡುಕಿಕೊಳ್ಳಿ ಎಂದ ಹಾಗೆ. ಈ ಕಥೆ ನಡೆದದ್ದು ಆ ಅವಧಿಯ ಕೊನೆಯ ವರ್ಷದಲ್ಲಿ. ಅದು ತೀರಿತೆಂದರೆ ಮತ್ತೆ ಪರೀಕ್ಷೆ ಬರೆಯುವ ಹಾಗೂ ಇರಲಿಲ್ಲ, ನನ್ನ ವಯಸ್ಸು ಮಿತಿ ದಾಟುತ್ತಿತ್ತು.

ಆಗ ನಾನು ಹಾನಗಲ್ಲಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎಂಬುದು ಹೆಸರಿಗೆ. ಅತಿಥಿಗಳನ್ನು ಊಟಕ್ಕಾದರೂ ಕರೆಯುತ್ತಾರೆ, ನಮಗೆ ಬೇಸಿಗೆಯಲ್ಲಿ ಸಂಬಳವೂ ಇಲ್ಲ. ಬೆಳಿಗ್ಗೆ ಬಂಕಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಹಾನಗಲ್ಲಿಗೆ ಇನ್ನೊಂದು. ಆ ಎರಡನೇ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದ ದಿನ ನಾನು ಮೊಬೈಲಿನಲ್ಲಿ ಪ್ರಾಧ್ಯಾಪಕರಿಗೆ ಇಮೇಲ್ ಬರೆಯುತ್ತಿದ್ದೆ.

ನಮ್ಮ ಕಡೆ ಯಾರ ಹತ್ತಿರವಾದರೂ ಏನನ್ನಾದರೂ ಕೇಳಲು ಹೋದರೆ ಅದಕ್ಕೊಂದು ರೀತಿ ಇದೆ. ಮಳೆ ಹೇಗೆ, ಬೆಳೆ ಹೇಗೆ, ಮಕ್ಕಳು ಏನು ಓದುತ್ತವೆ ಎಂದು ವಿಚಾರಿಸಬೇಕು. ಚಹಾ ಕುಡಿಯಬೇಕು. ಇನ್ನೇನು ಹೊರಟೆವು ಎಂದು ಬಾಗಿಲ ತನಕ ಬಂದು, ಅಲ್ಲಿ ನಿಂತು ಕೆಲಸದ ಮಾತು ತೆಗೆಯಬೇಕು. ಇಮೇಲಿಗೆ ಬಾಗಿಲಿಲ್ಲ. ಮೊದಲ ಸಾಲಿನಲ್ಲೇ ನನಗೆ ಇಂಥದ್ದು ಬೇಕು ಎನ್ನಬೇಕು, ಎರಡನೆಯ ಸಾಲಿನಲ್ಲಿ ನಾನು ಇಂಥವಳು ಎಂದು ಹೊಗಳಿಕೊಳ್ಳಬೇಕು. ನಾಚಿಕೆ ಬಿಟ್ಟು ಅದನ್ನೂ ಕಲಿತೆ. ಹೆಚ್ಚಿನವರಿಂದ ಉತ್ತರವೇ ಬರಲಿಲ್ಲ. ಒಬ್ಬರು ಸೀಟು ಖಾಲಿಯಿಲ್ಲ, ಶುಭವಾಗಲಿ ಎಂದರು. ಇನ್ನೊಬ್ಬರು ವೆಬ್‌ಸೈಟ್ ನೋಡಿ ಎಂದರು, ಆ ವೆಬ್‌ಸೈಟಿನಲ್ಲಿ ಪ್ರಾಧ್ಯಾಪಕರಿಗೇ ಬರೆಯಿರಿ ಎಂದಿತ್ತು. ಮತ್ತೊಬ್ಬರಿಗೆ ಅವರ ಸಂಶೋಧನೆಯ ಬಗ್ಗೆ ವಾರಗಟ್ಟಲೆ ಓದಿ ಉದ್ದದ ಇಮೇಲ್ ಬರೆದೆ. ಅವರು ನಿವೃತ್ತರಾಗಿ ಮೊಮ್ಮಕ್ಕಳ ಜೊತೆ ಇದ್ದೇನೆಂದು ತಿಳಿಸಿದರು. ಪಾಪ, ಇಡೀ ವರ್ಷದಲ್ಲಿ ಪ್ರೀತಿಯಿಂದ ಉತ್ತರ ಬರೆದವರು ಅವರೊಬ್ಬರೇ.

ಅಪ್ಪನಿಗೆ ಈ ಇಮೇಲಿನ ವ್ಯವಹಾರವೇ ಸೇರಲಿಲ್ಲ. ಮೊಬೈಲಿನೊಳಗೆ ಹೆಣ್ಣು ಕೇಳಿದರೆ ಯಾರು ಕೊಡುತ್ತಾರೆ, ಮುಖ ನೋಡಿ ಕೇಳಬೇಕು ಎಂದು ಅವನ ವಾದ. ಒಂದು ದಿನ ಸವಣೂರಿನ ವೀಳ್ಯದೆಲೆಯ ದೊಡ್ಡ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ನನ್ನನ್ನು ಕರೆದುಕೊಂಡು, ಹತ್ತಿರದ ವಿಶ್ವವಿದ್ಯಾಲಯದ ಒಬ್ಬ ಗೈಡಿನ ಕೋಣೆಗೆ ಹೋದ. ಅವರು ಎಲೆ ಹಾಕುವವರಲ್ಲ. ಆದರೂ ಕಟ್ಟನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟರು, ಚಹಾ ತರಿಸಿದರು, ಅಪ್ಪನ ಜೊತೆ ಗೋವಿನಜೋಳದ ಹುಳದ ಬಗ್ಗೆ ಮನಬಿಚ್ಚಿ ಮಾತಾಡಿದರು. ನನಗೆ ಹೇಳಿದ್ದು ಎರಡೇ ಮಾತು. ಅವರ ಕೈಕೆಳಗೆ ನಿಯಮದ ಪ್ರಕಾರ ಎಷ್ಟು ಜನ ಇರಬೇಕೋ ಅಷ್ಟು ಜನ ಇದ್ದಾರೆ. ಅವರಲ್ಲೊಬ್ಬ ಕೊನೆಯ ಅಧ್ಯಾಯ ಬರೆಯುತ್ತಿದ್ದಾನೆ, ಅವನು ಮುಗಿಸಿ ಎದ್ದರೆ ನೋಡಬಹುದು. ಅವನು ಎಷ್ಟು ವರ್ಷದಿಂದ ಅದೇ ಅಧ್ಯಾಯ ಬರೆಯುತ್ತಿದ್ದಾನೆಂದು ಹೊರಗೆ ಕಾರಿಡಾರಿನಲ್ಲಿ ಕೇಳಿದೆ. ಎಲ್ಲರೂ ನಕ್ಕರು. ವಾಪಸು ಬರುವಾಗ ಅಪ್ಪ ಬಹಳ ಖುಷಿಯಲ್ಲಿದ್ದ, ಎಷ್ಟು ಛಲೋ ಮನುಷ್ಯ ಎಂದು ದಾರಿಯುದ್ದಕ್ಕೂ ಹೊಗಳಿದ. ತಡಸ ಊರು ಬರುವ ತನಕ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಕೊನೆಗೆ ಒಂದು ಉತ್ತರ ಬಂತು. ಹೊರರಾಜ್ಯದ ಒಂದು ಸಂಶೋಧನಾ ಸಂಸ್ಥೆ, ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುವ ತಂಡ. ನಿಮ್ಮೂರಿನ ಮಣ್ಣಿನ ಮೇಲೆ ನೀವೇ ಮಾಡಿದ ಸಣ್ಣ ಕೆಲಸವೊಂದನ್ನು ತೋರಿಸಿ, ಆನ್‌ಲೈನ್ ಸಂದರ್ಶನಕ್ಕೆ ಬನ್ನಿ ಎಂದಿದ್ದರು. ಅದನ್ನು ನಾನು ಓದಿದ್ದು ಬಸ್ಸಿನಲ್ಲಿ. ಪಕ್ಕದಲ್ಲಿ ಕೂತ ಹೆಂಗಸು, ಏನಾಯಿತು, ಯಾರಾದರೂ ತೀರಿಕೊಂಡರೇ ಎಂದು ಕೇಳಿದಳು. ಅಷ್ಟು ಅಳುತ್ತಿದ್ದೆ.

ಯಾವ ಮಣ್ಣು ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ನಮ್ಮ ಹೊಲದ ಒಂದು ಮೂಲೆಯಲ್ಲಿ ಬನ್ನಿಮರವಿದೆ. ಅದರ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲು, ಪಾಂಡವರು ಎನ್ನುತ್ತೇವೆ. ಆ ಮೂಲೆಗೆ ಅಜ್ಜನ ಕಾಲದಿಂದ ನೇಗಿಲು ತಾಗಿಲ್ಲ, ಈಗ ಟ್ರ್ಯಾಕ್ಟರೂ ಸುತ್ತು ಹಾಕಿಕೊಂಡು ಹೋಗುತ್ತದೆ. ಅಲ್ಲಿಂದ ನಾಲ್ಕು ಮಾರು ದೂರದಲ್ಲಿ ವರ್ಷವರ್ಷವೂ ಯೂರಿಯಾ ತಿನ್ನುವ ಗೋವಿನಜೋಳದ ನೆಲ. ಎರಡೂ ಕಡೆಯ ಮಣ್ಣು ಅಗೆದು ಹಾನಗಲ್ಲಿಗೆ ಒಯ್ದೆ. ಕಾಲೇಜಿನ ಲ್ಯಾಬಿನಲ್ಲಿ ಸಾಮಾನು ಕ್ರಿಮಿಶುದ್ಧ ಮಾಡುವ ಯಂತ್ರ ಕೆಟ್ಟಿತ್ತು, ಅವ್ವನ ದೊಡ್ಡ ಕುಕ್ಕರನ್ನು ಹೊತ್ತುಕೊಂಡು ಹೋದೆ. ಗಾಜಿನ ತಟ್ಟೆಗಳಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಣ್ಣಿಗೆ ಕಂಡ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಗೋವಿನಜೋಳದ ಮಣ್ಣಿನ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಬನ್ನಿಮರದ ಮಣ್ಣಿನ ತಟ್ಟೆಯಲ್ಲಿ ಸಂತೆ ನೆರೆದಿತ್ತು. ಉಳುಮೆ ಕಾಣದ, ಗೊಬ್ಬರ ಕಾಣದ ಮಣ್ಣು ಎಷ್ಟು ಜೀವಂತ ಎಂದು ತೋರಿಸಲು ಇದಕ್ಕಿಂತ ಏನು ಬೇಕು ಎಂದು ಚೆಂದವಾಗಿ ಬರೆದು ಕಳಿಸಿದೆ.

ಸಂದರ್ಶನದ ದಿನ ಪಡಸಾಲೆಯ ಬಾಗಿಲು ಹಾಕಿಕೊಂಡು ಕೂತೆ. ಅವ್ವ ಅಡಿಗೆಮನೆಯಲ್ಲಿ ಮಿಕ್ಸರ್ ಸಹ ಹಚ್ಚಲಿಲ್ಲ. ತೆರೆಯ ಮೇಲೆ ಮೂವರಿದ್ದರು. ಇಬ್ಬರು ಗಂಡಸರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದರು, ಒಬ್ಬ ಮೇಡಂ ಮೈಕ್ ಬಂದ್ ಮಾಡಿ ತಲೆ ತಗ್ಗಿಸಿ ಏನೋ ಓದುತ್ತಿದ್ದರು. ಎಲ್ಲ ಸುಸೂತ್ರವಾಗಿ ನಡೆದಿತ್ತು. ಆ ಮೂಲೆಗೆ ರಾಸಾಯನಿಕ ಹಾಕಿದ್ದಾರೆಯೇ ಎಂದರು, ಇಲ್ಲ ಎಂದೆ. ತಿಪ್ಪೆಗೊಬ್ಬರ? ಇಲ್ಲ. ಹೊರಗಿನಿಂದ ಏನಾದರೂ, ಏನೇ ಆಗಲಿ, ಆ ಮಣ್ಣಿಗೆ ಸೇರಿದೆಯೇ? ನಾನು ಹೆಮ್ಮೆಯಿಂದಲೇ ಹೇಳಿದೆ, ನನ್ನ ಅಜ್ಜನ ಕಾಲದಿಂದ ಒಂದು ಹಿಡಿಯಷ್ಟೂ ಇಲ್ಲ.

ಆಗ ಮೇಡಂ ತಲೆಯೆತ್ತಿ ಮೈಕ್ ಹಚ್ಚಿದರು. ಅವರ ಬಾಯಿಂದ ಬಂದದ್ದು ಅಪ್ಪಟ ನಮ್ಮ ಸೀಮೆಯ ಮಾತು.

"ಸೀಗಿ ಹುಣ್ಣಿವಿಗೆ ಚರಗ ಚೆಲ್ಲೂದು ಬಿಟ್ಟೀರೇನವಾ ನೀವು?"

ಹೊರಗಿನವರಿಗಾಗಿ ಹೇಳುತ್ತೇನೆ. ದಸರೆ ಮುಗಿದ ಮೇಲೆ ಬರುವ ಸೀಗಿ ಹುಣ್ಣಿಮೆಗೆ ಹೊಲದ ಬೆಳೆ ಕಾಳು ಕಟ್ಟುತ್ತಿರುತ್ತದೆ, ಭೂಮಿತಾಯಿ ಬಸುರಿ ಎಂದು ನಮ್ಮ ಲೆಕ್ಕ. ಬಸುರಿಗೆ ಬಯಕೆಯ ಊಟ ಮಾಡಿಸುವ ಹಾಗೆ ಶೇಂಗಾ ಹೋಳಿಗೆ, ಕಡುಬು, ಸಜ್ಜೆ ರೊಟ್ಟಿ, ಮೊಸರನ್ನ, ಪುಂಡಿಪಲ್ಯ ಎಲ್ಲ ಮಾಡಿ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗುತ್ತೇವೆ. ಬನ್ನಿಮರದ ಬುಡದಲ್ಲಿ ಪಾಂಡವರಿಗೆ ಎಡೆ ಹಿಡಿದು, ಆ ಅಡಿಗೆಯನ್ನು ಕಲಸಿ ಹೊಲದ ತುಂಬ ಚೆಲ್ಲುತ್ತೇವೆ. ಅದೇ ಚರಗ. ಹೊಲಕ್ಕೆಲ್ಲ ಬೀಳುವುದು ತುತ್ತು ತುತ್ತು, ಮರದ ಬುಡಕ್ಕೆ ಬೀಳುವುದು ಮಾತ್ರ ರಾಶಿ. ಎಳ್ಳಮಾವಾಸ್ಯೆಗೆ ಮತ್ತೊಮ್ಮೆ. ನಾನೇ ಬುಟ್ಟಿ ಹಿಡಿದು, ಮೊಸರಿನ ಗಡಿಗೆಯನ್ನು ಅಲ್ಲೇ ತೊಳೆದು ನೀರು ಚೆಲ್ಲಿ ಬಂದಿದ್ದೇನೆ, ಪ್ರತಿ ವರ್ಷ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಗೊಬ್ಬರ ಎಂದರೆ ಗಾಡಿಯಲ್ಲಿ ಬರುವುದು, ಯೂರಿಯಾ ಎಂದರೆ ಚೀಲದಲ್ಲಿ ಬರುವುದು. ತಲೆಯ ಮೇಲೆ ಬುಟ್ಟಿಯಲ್ಲಿ ಹೋಗುವುದು ತಾಯಿಯ ಊಟ. ಅದನ್ನು ಮಣ್ಣಿಗೆ ಹಾಕಿದ ವಸ್ತು ಎಂದು ಎಣಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಎಂಎಸ್ಸಿ ಓದಿದ ತಲೆ ಒಂದು ಕಡೆ, ಬುಟ್ಟಿ ಹೊತ್ತ ತಲೆ ಇನ್ನೊಂದು ಕಡೆ. ಎರಡೂ ನನ್ನದೇ, ಒಂದಕ್ಕೊಂದು ಪರಿಚಯವೇ ಇರಲಿಲ್ಲ.

"ಬಿಟ್ಟಿಲ್ಲರೀ ಮೇಡಂ, ಹ್ವಾದ ವರ್ಷನೂ ನಾನ ಚೆಲ್ಲೇನಿ" ಎಂದೆ. ಗಂಡಸರಿಬ್ಬರಿಗೂ ಏನು ನಡೆಯಿತೆಂದು ತಿಳಿಯಲಿಲ್ಲ. ಮೇಡಂ ಇಂಗ್ಲಿಷಿನಲ್ಲಿ ವಿವರಿಸಿದರು. ಅವರಿಬ್ಬರೂ ಬಹಳ ಮರ್ಯಾದೆಯಿಂದ ನಕ್ಕರು, ಆಮೇಲೆ ಬೇರೆ ಪ್ರಶ್ನೆ ಕೇಳಲಿಲ್ಲ. ಬಾಗಿಲು ತೆಗೆದು ಹೊರಗೆ ಬಂದ ಕೂಡಲೇ, ಹೇಗಾಯಿತೆಂದು ಕೇಳಿದ ಅವ್ವನ ಮೇಲೆ ಹರಿಹಾಯ್ದೆ, ನಿನ್ನ ಹೋಳಿಗೆ ನನ್ನ ಸೀಟು ತಿಂದಿತು ಎಂದೆ. ಏನೂ ತಿಳಿಯದ ಅವಳು ಊಟಕ್ಕೆ ಏಳು ಎಂದಳು. ಆ ದಿನ ನಾನು ಉಣ್ಣಲಿಲ್ಲ.

ಅವರು ಬೇರೆಯವರನ್ನು ತೆಗೆದುಕೊಂಡರು. ಆದರೆ ಮೇಡಂ ಒಬ್ಬರೇ ಪ್ರತ್ಯೇಕವಾಗಿ ನನಗೆ ಬರೆದರು. ಕೆಲಸ ತಪ್ಪಿಲ್ಲ, ಹೋಲಿಕೆ ತಪ್ಪಿದೆ. ಅದೇ ಜಾತಿಯ ಮಣ್ಣು, ಅಂಥದೇ ಬನ್ನಿಮರ, ಆದರೆ ಹಲವು ವರ್ಷಗಳಿಂದ ಚರಗ ಬೀಳದ ಮೂಲೆಯೊಂದನ್ನು ಹುಡುಕಿ. ಹುಣ್ಣಿಮೆಯ ದಿನ ಎರಡೂ ಕಡೆ ಮಣ್ಣು ತೆಗೆದು, ವರ್ಷ ಮುಗಿಯುವುದರೊಳಗೆ ಫಲಿತಾಂಶ ಕಳಿಸಿದರೆ ನನ್ನ ಹತ್ತಿರ ಇನ್ನೊಂದು ಸೀಟು ಬರುವುದಿದೆ. ಇಷ್ಟೇ ಅದರ ಸಾರ. ವರ್ಷ ಮುಗಿಯುವುದಕ್ಕೂ ನನ್ನ ಫೆಲೋಶಿಪ್ ಮುಗಿಯುವುದಕ್ಕೂ ಹೆಚ್ಚು ಅಂತರವಿರಲಿಲ್ಲ.

ಮೊದಲು ಸೋಮಾರಿತನದ ದಾರಿ ನೋಡಿದೆ. ನಮ್ಮದೇ ಮೂಲೆಯಲ್ಲಿ ಈ ಸಲ ಅರ್ಧಕ್ಕೆ ಮಾತ್ರ ಚರಗ ಚೆಲ್ಲಿದರೆ ಶುರುವಿಗಾದರೂ ಆಗುತ್ತದೆ ಎಂದು ಅವ್ವನ ಮುಂದೆ ಇಟ್ಟೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಬಸುರಿ ಅದಾಳ ಆಕಿ. ಒಂದ ಮಗ್ಗಲಕ್ಕ ಉಣಿಸಿ ಇನ್ನೊಂದ ಮಗ್ಗಲಾ ಉಪಾಸ ಕೆಡವ್ತಾರೇನು ಯಾರರ?"

ಅಪ್ಪನ ಕಡೆ ನೋಡಿದೆ. ಅವನು ಹೊಲಕ್ಕೆ ಹೋಗುವುದಿದೆ ಎಂದು ಎದ್ದು ಹೋದ.

ಆಮೇಲೆ ಶುರುವಾಯಿತು ನನ್ನ ತಿರುಗಾಟ. ಸ್ಕೂಟಿ ಹಾಕಿಕೊಂಡು ರಜೆಯ ದಿನವೆಲ್ಲ ನಾಲ್ಕು ತಾಲ್ಲೂಕು ಸುತ್ತಿದೆ. ಶಿಗ್ಗಾಂವಿಯಲ್ಲಿ ಪಾಲಿಗೆ ಕೊಟ್ಟ ಹೊಲ ಕೇಳಿದೆ, ಮಾಲೀಕ ಮರೆತರೂ ಪಾಲಿಗೆ ಮಾಡುವವನು ಚೆಲ್ಲುತ್ತಾನೆ. ಸವಣೂರಿನ ಎಲೆಬಳ್ಳಿಯ ತೋಟದಲ್ಲಿ ವಿಚಾರಿಸಿದೆ, ತೋಟಕ್ಕೆ ಮೊದಲು, ಮನುಷ್ಯರಿಗೆ ಆಮೇಲೆ ಎಂದರು. ಹಾನಗಲ್ಲಿನ ಗದ್ದೆಗಳ ಕಡೆ ಬೆಳಕು ಹರಿಯುವ ಮೊದಲೇ ಚೆಲ್ಲಿ ಮುಗಿಸಿರುತ್ತಾರಂತೆ. ಹಿರೇಕೆರೂರಿನಲ್ಲಿ ಬೀಜದ ಕಂಪನಿಗಾಗಿ ಹತ್ತಿ ಬೆಳೆಯುವ ಹೊಲವೊಂದಿತ್ತು. ಕಂಪನಿಯ ಲೆಕ್ಕದ ಹೊಲವಲ್ಲವೇ, ಇಲ್ಲಿಯಾದರೂ ಚರಗ ಇರಲಿಕ್ಕಿಲ್ಲ ಎಂದು ಅಲ್ಲಿದ್ದ ರೈತನನ್ನು ಕೇಳಿದೆ. ಅವನ ಮುಖ ಕೆಂಪಾಯಿತು.

"ತಾಯಿಗೆ ಕೂಳ ಹಾಕಲಾರದ ಮಂದಿ ಹಂಗ ಕಂಡ್ವೇನ್ರೀ ನಿಮಗ ನಾವು?"

ತಪ್ಪಾಯಿತು ಎಂದು ಕೈಮುಗಿದು ಬಂದೆ. ಅವನ ಸಿಟ್ಟು ನ್ಯಾಯವಾದದ್ದೇ. ನಾನು ಹೋದ ಹೋದಲ್ಲೆಲ್ಲ ಕೇಳುತ್ತಿದ್ದ ಪ್ರಶ್ನೆಯೇ ಹಾಗಿತ್ತು. ಆದರೆ ನನ್ನ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ? ಬೇರೆ ಊರಿನವರು ಪಿಎಚ್‌ಡಿಗಾಗಿ ದೊಡ್ಡ ದೊಡ್ಡ ಯಂತ್ರ ಹುಡುಕುತ್ತಾರೆ, ನಾನು ಒಂದು ಅನಾಥ ಹೊಲ ಹುಡುಕುತ್ತಿದ್ದೆ. ನಾಲ್ಕು ತಾಲ್ಲೂಕಿನಲ್ಲಿ ಒಂದೇ ಒಂದು ಕಡೆಯಾದರೂ ಯಾರಾದರೂ ಕರ್ತವ್ಯ ಮರೆತಿರಬಾರದೇ ಎಂದು ಸ್ಕೂಟಿಯ ಮೇಲೆ ಕೂತು ಗಟ್ಟಿಯಾಗಿ ಬೈದದ್ದೂ ಉಂಟು.

ಸಿಕ್ಕಿತು. ನಾನು ದಿನಾ ಬಸ್ಸಿನಲ್ಲಿ ಹಾಯ್ದು ಹೋಗುವ ದಾರಿಯಲ್ಲೇ, ಬಂಕಾಪುರದ ಹತ್ತಿರ, ಹೆದ್ದಾರಿಯ ಮಗ್ಗುಲಿಗೆ. ಹೊಲವನ್ನು ಲೇಔಟ್ ಮಾಡಿ ವರ್ಷಗಳಾಗಿದ್ದವು. ಕಲ್ಲು ನೆಟ್ಟು ಸೈಟು ಗುರುತಿಸಿದ್ದರು, ಏನೋ ವ್ಯಾಜ್ಯವಿದ್ದು ಒಂದು ಮನೆಯೂ ಎದ್ದಿರಲಿಲ್ಲ. ಪಾರ್ಕು ಎಂದು ಬೋರ್ಡು ಹಾಕಿದ ಜಾಗದಲ್ಲಿ ಬನ್ನಿಮರ ಹಾಗೇ ನಿಂತಿತ್ತು. ಬುಡದ ಪಾಂಡವರಿಗೆ ಸುಣ್ಣ ಹೋಗಿ ಬರಿಯ ಕಲ್ಲಾಗಿದ್ದರು. ಮಣ್ಣು ನಮ್ಮ ಹೊಲದ್ದೇ ಜಾತಿ. ಬೋರ್ಡಿನ ಮೇಲಿನ ನಂಬರಿಗೆ ಫೋನು ಮಾಡಿ ಒಂದಿಷ್ಟು ಮಣ್ಣು ಬೇಕೆಂದೆ. ಆ ಕಡೆಯವನು ಮಣ್ಣು ಒಯ್ಯಿರಿ, ಸೈಟು ಬೇಕಾದರೂ ಹೇಳಿರಿ ಎಂದ. ಅಲ್ಲಿ ಚರಗ ಯಾರಾದರೂ ಚೆಲ್ಲುತ್ತಾರೆಯೇ ಎಂದು ಕೇಳಿದೆ. ಸೈಟಿಗೆ ಯಾರು ಚೆಲ್ಲುತ್ತಾರೆ ಎಂದು ನಕ್ಕ. ಆ ನಗು ಕೇಳಿ ನನಗೆ ಜೀವ ಬಂತು, ಹೇಳಲು ಸಂಕೋಚವಾಗುತ್ತದೆ, ಆದರೂ ಬಂದದ್ದು ನಿಜ.

ಹುಣ್ಣಿಮೆಯ ದಿನ ಬೆಳಿಗ್ಗೆ ನಮ್ಮ ಹೊಲದಲ್ಲಿ ಚರಗಕ್ಕೆ ಮೊದಲು ಒಂದು ಸಲ, ಆಮೇಲೆ ಒಂದು ಸಲ ಮಣ್ಣು ತೆಗೆದೆ. ಬಂದ ಬಳಗವೆಲ್ಲ ಹೋಳಿಗೆ ತಿನ್ನುತ್ತ ನನ್ನನ್ನೇ ನೋಡಿತು. ಊಟವಾದ ಮೇಲೆ ಬಂಕಾಪುರಕ್ಕೆ ಹೊರಟಾಗ ಅವ್ವ, ಅಲ್ಲಿದ್ದ ಚಿಗವ್ವನಿಗೆ ಅಡಿಗೆ ಮುಟ್ಟಿಸುವುದಿದೆ, ನಾನೂ ಬರುತ್ತೇನೆ ಎಂದು ಬುಟ್ಟಿ ಹಿಡಿದು ಹಿಂದೆ ಕೂತಳು. ಆ ಲೇಔಟನ್ನು ಅವಳು ನೋಡಿರಲಿಲ್ಲ.

ನಾನು ಮರದ ಆ ಮಗ್ಗುಲಿಗೆ ಕೂತು ಚೀಲ ಬಿಚ್ಚುತ್ತಿದ್ದೆ. ಅವ್ವ ಕಲ್ಲುಗಳ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಒಣಗಿದ ಎಲೆ ಸರಿಸಿದಳು. ಸೆರಗಿನಿಂದ ಒಂದು ಕಲ್ಲಿನ ಧೂಳು ಒರೆಸಿದಳು. ಆಮೇಲೆ ಬುಟ್ಟಿಯ ಮೇಲಿನ ಬಟ್ಟೆ ಬಿಚ್ಚಿ ಮೊಸರನ್ನಕ್ಕೆ ಕೈ ಹಾಕಿದಳು. ನಾನು ಎದ್ದು ಓಡಿ ಹೋಗಿ ಅವಳ ಕೈ ಹಿಡಿದೆ. ಮೆಲ್ಲಗೆ ಹಿಡಿಯಲಿಲ್ಲ, ಬಿಗಿಯಾಗಿಯೇ ಹಿಡಿದೆ. ಒಂದು ತುತ್ತು ಬಿದ್ದರೆ ನನ್ನ ಸೀಟು ಹೋಗುತ್ತಿತ್ತು. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇಷ್ಟ ದೊಡ್ಡ ವಿದ್ಯಾಕ್ಕ ಹಸದ ಭೂಮಿನ ಬೇಕಾತೇನು?" ಎಂದಳು.

ನಾನು ಅವಳ ಕೈ ಬಿಟ್ಟೆ. ಅವಳು ಬೆರಳಿಗೆ ಅಂಟಿದ ಅನ್ನವನ್ನು ನೆಲಕ್ಕೆ ಬೀಳದ ಹಾಗೆ ಬುಟ್ಟಿಯೊಳಗೇ ಒರೆಸಿ, ಬಟ್ಟೆ ಕಟ್ಟಿ, ರಸ್ತೆಯ ತನಕ ಹೋಗಿ ನಿಂತಳು. ನಾನು ಮಣ್ಣು ತೆಗೆದೆ. ಚಿಗವ್ವನ ಮನೆಯಲ್ಲಿ ಅವ್ವ ಚಹಾ ಸಹ ಬೇಡ ಎಂದಳು.

ಫಲಿತಾಂಶದಲ್ಲಿ ನಾನು ಮೊದಲು ಬರೆದದ್ದು ಅರ್ಧಕ್ಕರ್ಧ ಸುಳ್ಳಾಯಿತು. ಉಳುಮೆ ಇಲ್ಲ, ಗೊಬ್ಬರ ಇಲ್ಲ, ಆದರೂ ಲೇಔಟಿನ ಮಣ್ಣಿನ ತಟ್ಟೆಯಲ್ಲಿ ಸಂತೆ ನೆರೆಯಲಿಲ್ಲ. ನಮ್ಮ ಮೂಲೆಯ ಆ ಗದ್ದಲದಲ್ಲಿ ದೊಡ್ಡ ಪಾಲು ಅವ್ವನ ಬುಟ್ಟಿಯದೇ ಎಂದು ಕಂಡಿತು. ಮೇಡಂ ಅದನ್ನೇ ವಿಷಯ ಮಾಡಿಕೊಳ್ಳಿ ಎಂದರು. ಅವಧಿ ತೀರಲು ಕೆಲವೇ ದಿನ ಇರುವಾಗ ಸೀಟು ಸಿಕ್ಕಿತು. ಅಪ್ಪ ಮತ್ತೆ ಪೇಡೆ ತಂದ. ನನಗೆ ಖುಷಿಗಿಂತ ಸುಸ್ತಾಗಿತ್ತು. ಒಂದು ಪೇಡೆ ತಿಂದು ಮಲಗಿಬಿಟ್ಟೆ.

ಹೊರಡುವ ಹಿಂದಿನ ದಿನ ಅವ್ವ ನನ್ನ ಚೀಲಕ್ಕೆ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ ತುಂಬುತ್ತಿದ್ದಳು. ಇನ್ನು ಮುಂದೆ ಪ್ರತಿ ವರ್ಷ ಹುಣ್ಣಿಮೆಗೆ ಬಂದು ಎರಡೂ ಕಡೆಯ ಮಣ್ಣು ಒಯ್ಯುತ್ತೇನೆ, ಆ ಲೇಔಟಿನ ಮರಕ್ಕೆ ಮಾತ್ರ ಯಾರೂ ಏನೂ ಚೆಲ್ಲದ ಹಾಗೆ ನೋಡಿಕೊಳ್ಳಬೇಕು, ದಾರಿಯಲ್ಲಿ ಹೋಗುವಾಗ ನೀನೂ ಚೆಲ್ಲಬೇಡ ಎಂದು ಅವಳಿಗೆ ಹೇಳಿದೆ. ಅವಳು ಚಟ್ನಿಯ ಡಬ್ಬಿಯ ಮುಚ್ಚಳ ಒತ್ತುತ್ತ ಕೇಳಿದಳು.

"ಆಕಿ ಉಪಾಸ ಎಲ್ಲಿತನಕ?"

"ನನ್ನ ಪಿಎಚ್‌ಡಿ ಮುಗಿಯೂತನಕ."

ಅವಳು ಡಬ್ಬಿಯನ್ನು ಚೀಲದ ತಳಕ್ಕೆ ಇಟ್ಟಳು.

"ಹಂಗಾರ ಲಗೂನ ಮುಗಸವಾ" ಎಂದಳು.